ಕಿರಾಣಿ ಮಂಡಿಯಾಗಿದ್ದ ಕಟ್ಟಡ ಈಗ ಬಿಯರ್ ಮನೆ: ಡೆನ್ವರ್‌ನ ವಿನ್‌ಕೂಪ್ ಬಗ್ಗೆ

ಹದಿನೆಂಟನೇ ಬೀದಿ

ಕಳೆದ ಬೇಸಿಗೆಯಲ್ಲಿ ಅಪ್ಪ ಊರಿಂದ ಬಂದಿದ್ದರು. ಬೆಂಗಳೂರಿನ ತರಗುಪೇಟೆಯ ಒಂದು ಮಂಡಿಯಲ್ಲಿ ನಲವತ್ತು ವರ್ಷ ಲೆಕ್ಕ ಬರೆದವರು ಅವರು. ಬಿಯರ್ ಮುಟ್ಟುವವರಲ್ಲ. ಆದರೂ ಒಂದು ಮಧ್ಯಾಹ್ನ ಅವರನ್ನು ಅಮೆರಿಕದ ಡೆನ್ವರ್ ಪೇಟೆಯ ವಿನ್‌ಕೂಪ್ ಬ್ರೂಯಿಂಗ್ ಕಂಪನಿಗೆ ಊಟಕ್ಕೆ ಕರೆದುಕೊಂಡು ಹೋದೆ. ನಾನು ಇಲ್ಲಿಗೆ ಬಂದ ಮೊದಲ ವಾರದಿಂದ ನನಗೆ ಇಷ್ಟವಾದ ಜಾಗ ಅದು.

ಅಪ್ಪ ಕುರ್ಚಿ ಎಳೆದು ಕೂರಲಿಲ್ಲ. ಪಕ್ಕದಲ್ಲಿದ್ದ ಮರದ ಕಂಬದ ಮೇಲೆ ಅಂಗೈ ಇಟ್ಟು ನಿಂತರು. ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿದರು. ತಲೆ ಎತ್ತಿ ತಗಡಿನ ಚಾವಣಿ ನೋಡಿದರು. ಆಮೇಲೆ ಕಾಲ ಕೆಳಗಿನ ಹಲಗೆ ನೋಡಿದರು. "ಇದು ಹೋಟೆಲಿಗೆ ಅಂತ ಕಟ್ಟಿದ್ದಲ್ಲ ಕಣೋ. ಮೂಟೆ ಇಡೋಕೆ ಕಟ್ಟಿದ್ದು" ಅಂದರು.

ಅವರು ಹೇಳಿದ್ದು ಅಕ್ಷರಶಃ ನಿಜ. ಈ ಇಟ್ಟಿಗೆ ಕಟ್ಟಡ 1899ರದ್ದು. ಹೆಸರು ಜೆ. ಎಸ್. ಬ್ರೌನ್ ಮರ್ಕೆಂಟೈಲ್ ಬಿಲ್ಡಿಂಗ್. ಜಾನ್ ಸಿಡ್ನಿ ಬ್ರೌನ್ ಅನ್ನುವವರ ಸಗಟು ಕಿರಾಣಿ ವ್ಯಾಪಾರಕ್ಕೆ ಕಟ್ಟಿದ್ದು. ನಮ್ಮ ಮಾತಲ್ಲಿ ಹೇಳಬೇಕಾದರೆ ಅದು ಮಂಡಿ. ಎದುರಿಗೇ ಯೂನಿಯನ್ ಸ್ಟೇಷನ್. ರೈಲಲ್ಲಿ ಬಂದ ಸರಕು ಈ ಬೀದಿಯ ಗೋದಾಮುಗಳಿಗೆ ಇಳಿಯುತ್ತಿತ್ತು. ಇಲ್ಲಿಂದ ಬೆಟ್ಟದ ಮೇಲಿನ ಗಣಿ ಊರುಗಳಿಗೆ ಹೋಗುತ್ತಿತ್ತು. ಕಟ್ಟಡದ ನಕ್ಷೆ ಗೋವ್ ಮತ್ತು ವಾಲ್ಶ್ ಅನ್ನುವ ವಾಸ್ತುಶಿಲ್ಪಿಗಳದ್ದು. ಯೂನಿಯನ್ ಸ್ಟೇಷನ್ನಿನ ಈಗಿನ ನಡುಭಾಗ 1914ರದ್ದು, ಅದೂ ಅವರದ್ದೇ.

ಈ ಚರ್ಚಾವೇದಿಕೆಯಲ್ಲಿ ಹಳೇ ಪೇಟೆ, ಹಳೇ ಮಂಡಿ, ಹಳೇ ಮನೆಗಳ ಬಗ್ಗೆ ಮನಸ್ಸಿಟ್ಟು ಮಾತಾಡುವವರು ಸುಮಾರು ಜನ ಇದ್ದೀರಿ. ಅದಕ್ಕೇ ಬರೀತಿದ್ದೇನೆ. ಈ ಕಟ್ಟಡ ಚೆಂದ ಇದೆ ಅಂತ ಉಳಿಯಲಿಲ್ಲ. ಕೆಡವೋದಕ್ಕೂ ಯಾರ ಹತ್ತಿರವೂ ದುಡ್ಡಿಲ್ಲದ ಕಾಲದಲ್ಲಿ ಒಬ್ಬರು ಅದಕ್ಕೊಂದು ಕೆಲಸ ಹುಡುಕಿಕೊಟ್ಟರು. ನನ್ನ ಪ್ರಕಾರ ಅದು ಉಳಿದದ್ದು ಹಾಗೆ.

ಗೋಡೆ ಗಡಿಯಾರ

ಚೆನ್ನಾಗಿ ಬರೆದಿದ್ದೀರಿ. ಒಂದು ಪ್ರಶ್ನೆ. ಅಮೆರಿಕದ ಊರುಗಳಲ್ಲಿ ಪೇಟೆಯ ನಡುಭಾಗವನ್ನೇ ಕೆಡವಿ ಪಾರ್ಕಿಂಗ್ ಜಾಗ ಮಾಡಿದ್ದರು ಅಂತ ಓದಿದ್ದೇನೆ. ಡೆನ್ವರ್‌ನಲ್ಲಿ ಆಗಲಿಲ್ವಾ?

ಹದಿನೆಂಟನೇ ಬೀದಿ

ಆಯಿತು, ಬಹಳ ಕೆಟ್ಟದಾಗಿ ಆಯಿತು. 1967ರಲ್ಲಿ ಸ್ಕೈಲೈನ್ ಅನ್ನುವ ಯೋಜನೆಗೆ ಊರಿನ ಮತದಾರರೇ ಒಪ್ಪಿಗೆ ಕೊಟ್ಟರು. ಅದರಲ್ಲಿ ಹಳೇ ಪೇಟೆಯ ಸುಮಾರು ಮೂವತ್ತು ಬ್ಲಾಕ್ ನೆಲಸಮ. ಎಷ್ಟೋ ಜಾಗ ವರ್ಷಗಟ್ಟಲೆ ಬರೀ ಕಾರು ನಿಲ್ಲಿಸುವ ಬಯಲಾಗಿತ್ತು. ಡೇನಿಯಲ್ಸ್ ಅಂಡ್ ಫಿಶರ್ ಅಂತ ದೊಡ್ಡ ಅಂಗಡಿ ಇತ್ತು. ಅಂಗಡಿಯನ್ನು ಕೆಡವಿದರು, ಅದರ ಗಡಿಯಾರದ ಗೋಪುರವನ್ನು ಮಾತ್ರ ಬಿಟ್ಟರು. ಅದು ಈಗಲೂ ಒಂಟಿಯಾಗಿ ನಿಂತಿದೆ. ನೋಡಿದಾಗಲೆಲ್ಲ ನನಗೆ ಹೊಟ್ಟೆ ಚುರ್ ಅನ್ನುತ್ತದೆ. ದೇವಸ್ಥಾನ ಹೋಗಿ ಗರುಡಗಂಬ ಮಾತ್ರ ಉಳಿದ ಹಾಗೆ.

ಅದೇ ಕಾಲದಲ್ಲಿ ಡೇನಾ ಕ್ರಾಫರ್ಡ್ ಅನ್ನುವ ಹೆಣ್ಣುಮಗಳು ಇನ್ನೊಂದು ದಾರಿ ತೋರಿಸಿದರು. 1965ರಿಂದ ಲಾರಿಮರ್ ಬೀದಿಯ ಒಂದು ಬ್ಲಾಕಿನ ಹಳೇ ಕಟ್ಟಡಗಳನ್ನು ಕೊಂಡು ಸರಿಪಡಿಸುತ್ತಾ ಬಂದರು. ಅಂಗಡಿ, ಹೋಟೆಲ್ ಮಾಡಿದರು. ಆಗ ಲಾರಿಮರ್ ಅಂದರೆ ಯಾರೂ ಹೋಗಬಾರದ ಬೀದಿ ಅಂತಿದ್ದರು. ಹಳೇ ಕಟ್ಟಡದಿಂದಲೂ ದುಡ್ಡು ಹುಟ್ಟುತ್ತೆ ಅಂತ ಈ ಊರಿಗೆ ಮೊದಲು ಕಣ್ಣಾರೆ ತೋರಿಸಿದವರು ಅವರು. ಯೂನಿಯನ್ ಸ್ಟೇಷನ್ 2014ರಲ್ಲಿ ಹೊಸದಾಗಿ ತೆರೆದಾಗ ಅದರೊಳಗಿನ ಹೋಟೆಲಿಗೆ ಕ್ರಾಫರ್ಡ್ ಅಂತಲೇ ಹೆಸರಿಟ್ಟರು.

ಬ್ರೌನ್ ಕಟ್ಟಡ ಇರುವ ಕೆಳಪೇಟೆ ಸ್ಕೈಲೈನ್ ಹೊಡೆತಕ್ಕೆ ಸಿಗಲಿಲ್ಲ. ಹಾಗಂತ ಸುಖವಾಗಿಯೂ ಇರಲಿಲ್ಲ. ಸರಕು ಲಾರಿಗೆ ಬದಲಾದ ಮೇಲೆ ಸ್ಟೇಷನ್ ಪಕ್ಕದ ಗೋದಾಮು ಯಾರಿಗೂ ಬೇಡವಾಯಿತು. ಜೊತೆಗೆ 1986ರಲ್ಲಿ ತೈಲದ ಬೆಲೆ ಕುಸಿಯಿತು. ಡೆನ್ವರ್ ಆಗ ತೈಲ ಕಂಪನಿಗಳ ಊರು. ಕಚೇರಿಗಳೇ ಖಾಲಿ ಬಿದ್ದಿದ್ದವು, ಇನ್ನು ಗೋದಾಮನ್ನು ಯಾರು ಕೇಳಬೇಕು?

ಆ ವರ್ಷ ಕೆಲಸ ಕಳೆದುಕೊಂಡವರಲ್ಲಿ ಜಾನ್ ಹಿಕನ್‌ಲೂಪರ್ ಅನ್ನುವ ಭೂವಿಜ್ಞಾನಿಯೂ ಒಬ್ಬರು. ಕ್ಯಾಲಿಫೋರ್ನಿಯಾದ ಬರ್ಕ್ಲಿಗೆ ಹೋಗಿದ್ದಾಗ ಅಲ್ಲೊಂದು ಬ್ರೂಪಬ್ ನೋಡಿದರು. ಅಲ್ಲೇ ಕಾಯಿಸಿ, ಅಲ್ಲೇ ಹುಳಿಸಿ, ಅಲ್ಲೇ ಬಡಿಸುವ ಜಾಗ. ಡೆನ್ವರ್‌ಗೆ ವಾಪಸ್ ಬಂದು ಗ್ರಂಥಾಲಯದಿಂದ ಪುಸ್ತಕ ತಂದು, ವ್ಯಾಪಾರದ ಯೋಜನೆ ಬರೆಯೋದು ಹೇಗೆ ಅಂತ ಕಲಿತರು. ದುಡ್ಡು ಹಾಕಲು ಜನ ಸಿಗಲಿಲ್ಲ. ಸ್ವಂತ ಅಮ್ಮನೂ ಹಾಕಲಿಲ್ಲ ಅಂತ ಅವರೇ ಎಷ್ಟೋ ಸಲ ಹೇಳಿದ್ದಾರೆ. ಜೊತೆಗಾರರಾಗಿ ಜೆರ್ರಿ ವಿಲಿಯಮ್ಸ್, ಮಾರ್ಕ್ ಶಿಫ್ಲರ್, ಬಿಯರ್ ತಯಾರಿಸಲು ರಸಲ್ ಶೆರರ್ ಇದ್ದರು.

ಬಾಡಿಗೆ ಎಷ್ಟು ಗೊತ್ತಾ? ಚದರ ಅಡಿಗೆ ವರ್ಷಕ್ಕೆ 1 ಡಾಲರ್. ತಿಂಗಳಿಗಲ್ಲ, ವರ್ಷಕ್ಕೆ. 1988ರ ಅಕ್ಟೋಬರ್‌ನಲ್ಲಿ ಬಾಗಿಲು ತೆರೆಯಿತು. ಕೊಲರಾಡೊ ರಾಜ್ಯದ ಮೊದಲ ಬ್ರೂಪಬ್ ಅದು.

ಸಂಜೆಮಲ್ಲಿಗೆ

ನಾನು ಕುಡಿಯುವವಳಲ್ಲ. ನಮ್ಮ ಮನೆಯಲ್ಲಿ ಕುಡಿತದಿಂದ ಆದ ನೋವು ಸಾಕಷ್ಟಿದೆ. ಅದಕ್ಕೇ ಶೀರ್ಷಿಕೆ ನೋಡಿ ಮುಂದೆ ಹೋಗಬೇಕು ಅಂದುಕೊಂಡಿದ್ದೆ. ನಿಮ್ಮ ಅಪ್ಪ ಕಂಬ ತಟ್ಟಿದ್ದು ಓದಿ ನಿಂತೆ. ನನ್ನ ತಾತನೂ ಹಾಗೇ ಮಾಡುತ್ತಿದ್ದರು. ಒಂದು ಮಾತು ಕೇಳಬೇಕು. ಅಲ್ಲಿ ಬಿಯರ್ ಮನೆಯೇ ಯಾಕೆ ಬಂತು? ಒಂದು ಗ್ರಂಥಾಲಯವೋ ಶಾಲೆಯೋ ಆಗಬಹುದಿತ್ತಲ್ವಾ?

ಹದಿನೆಂಟನೇ ಬೀದಿ

ನಿಮ್ಮ ನೋವನ್ನು ಹಗುರವಾಗಿ ತಗೊಳ್ಳೋದಿಲ್ಲ. ನನ್ನ ಅಪ್ಪನೂ ಅವತ್ತು ನಿಂಬೆ ಪಾನಕ ಕುಡಿದು ಎದ್ದರು.

ಗ್ರಂಥಾಲಯಕ್ಕೆ ಯಾರಾದರೂ ದುಡ್ಡು ಕೊಡಬೇಕು. ಆಗ ಕೊಡುವವರೇ ಇರಲಿಲ್ಲ. ಬಿಯರ್ ಮನೆ ತನ್ನ ಬಾಡಿಗೆಯನ್ನು ತಾನೇ ದುಡಿಯಿತು. ಇನ್ನೊಂದು ವಿಷಯ ಕೇಳಿ, ನಿಮಗೆ ಸಂತೋಷ ಆಗಬಹುದು. ಅದೇ ಬೀದಿಯಲ್ಲಿ ಮೋರಿ ಮರ್ಕೆಂಟೈಲ್ ಅನ್ನುವ ಇನ್ನೊಂದು ಹಳೇ ಸಗಟು ಕಟ್ಟಡ ಇದೆ. 1994ರಲ್ಲಿ ಅಲ್ಲಿ ಟ್ಯಾಟರ್ಡ್ ಕವರ್ ಅನ್ನುವ ದೊಡ್ಡ ಪುಸ್ತಕದಂಗಡಿ ತೆರೆಯಿತು. ಅದನ್ನು ನಡೆಸಿದವರು ಜಾಯ್ಸ್ ಮೆಸ್ಕಿಸ್. ಆ ಕಟ್ಟಡದ ಕೆಲಸದಲ್ಲಿ ಅವರೂ ಹಿಕನ್‌ಲೂಪರ್ ಅವರೂ ಜೊತೆಯಾಗಿದ್ದರು. ಬಿಯರಿನ ಹಿಂದೆಯೇ ಪುಸ್ತಕವೂ ಬಂತು.

ಹುದುಗು

ನಾನು ಬೆಂಗಳೂರಿನ ಒಂದು ಬ್ರೂಪಬ್‌ನಲ್ಲಿ ಬಿಯರ್ ತಯಾರಿಸುವವನು. ಹಳೇ ಕಟ್ಟಡಕ್ಕೂ ಬಿಯರಿಗೂ ಹೊಂದಾಣಿಕೆ ಆಗೋದು ಹೇಗೆ ಅಂತ ಎರಡು ಮಾತು.

ಮೊದಲನೆಯದು ತೂಕ. ಅಮೆರಿಕದ ಒಂದು ಬಿಯರ್ ಬ್ಯಾರೆಲ್ ಅಂದರೆ ಸುಮಾರು 117 ಲೀಟರ್. ಹತ್ತು ಬ್ಯಾರೆಲ್ ಟ್ಯಾಂಕ್ ತುಂಬಿದರೆ ಒಳಗಿನ ದ್ರವವೇ 1,200 ಕಿಲೋ ಹತ್ತಿರ. ಟ್ಯಾಂಕಿನ ತೂಕ ಬೇರೆ. ಅಂಥವು ಒಂದಲ್ಲ, ಸಾಲಾಗಿ ನಿಲ್ಲಬೇಕು. ಮನೆಗೋ ಕಚೇರಿಗೋ ಅಂತ ಕಟ್ಟಿದ ಮಹಡಿ ಈ ಭಾರ ತಡೆಯೋದು ಕಷ್ಟ. ಸಕ್ಕರೆ ಮೂಟೆ, ಹಿಟ್ಟಿನ ಮೂಟೆ ಅಟ್ಟಿ ಹಾಕಲು ಕಟ್ಟಿದ ಮಂಡಿ ಹುಟ್ಟಿದ್ದೇ ಭಾರ ಹೊರಲು. ನಿಮ್ಮ ತಂದೆ ಕಂಬ ನೋಡಿ ಹೇಳಿದ್ದು ಇದನ್ನೇ. ಅದಕ್ಕೇ ಆ ಮಾತು ನನಗೆ ಅಷ್ಟು ಹಿಡಿಸಿತು.

ಎರಡನೆಯದು ನೆಲಮಾಳಿಗೆ. ಏಲ್ ಜಾತಿಯ ಬಿಯರ್ ಹುಳಿಯಲು 18ರಿಂದ 20 ಡಿಗ್ರಿ ಸಾಕು, ಆದರೆ ಅದು ಏರಿಳಿಯಬಾರದು. ದಪ್ಪ ಗೋಡೆ, ನೆಲದಡಿಯ ತಂಪು ಇದ್ದರೆ ತಣ್ಣಗಿಡುವ ಯಂತ್ರಕ್ಕೆ ಕೆಲಸ ಕಮ್ಮಿ.

ಇನ್ನು ತೊಂದರೆ ಅಂದರೆ ನೀರು ಮತ್ತು ಹಬೆ. ನಮ್ಮ ಕೆಲಸದಲ್ಲಿ ಕಾಯಿಸೋದಕ್ಕಿಂತ ತೊಳೆಯೋದೇ ಜಾಸ್ತಿ. ದಿನವಿಡೀ ನೆಲ ಒದ್ದೆ. ಮಾಲ್ಟ್ ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ. ಅದನ್ನು 65 ಡಿಗ್ರಿ ಆಸುಪಾಸಿನ ಬಿಸಿನೀರಲ್ಲಿ ಗಂಜಿಯ ಹಾಗೆ ನೆನೆಸಿಡುತ್ತೇವೆ. ಸಿಹಿ ರಸ ಸೋಸಿ, ಹಾಪ್ಸ್ ಅನ್ನುವ ಕಹಿ ಹೂವು ಹಾಕಿ ಒಂದು ಗಂಟೆ ಕುದಿಸುತ್ತೇವೆ. ಆ ಹಬೆ ಹೊರಗೆ ಹೋಗದಿದ್ದರೆ ಹಳೇ ಮರ ಊದಿಕೊಳ್ಳುತ್ತದೆ, ಇಟ್ಟಿಗೆಯ ಗಾರೆ ಉದುರುತ್ತದೆ. ಹಳೇ ಕಟ್ಟಡದಲ್ಲಿ ಬಿಯರ್ ಮಾಡುವವರು ಮೊದಲು ದುಡ್ಡು ಸುರಿಯಬೇಕಾದ್ದು ಇಳಿಜಾರು ನೆಲಕ್ಕೆ, ಚರಂಡಿಗೆ, ಹಬೆಯ ಕೊಳವೆಗೆ. ಗಿರಾಕಿಗಳ ಕಣ್ಣಿಗೆ ಬೀಳುವ ದೀಪ, ಕುರ್ಚಿ ಎಲ್ಲ ಆಮೇಲೆ.

ಡೆನ್ವರ್ ಸಮುದ್ರಮಟ್ಟದಿಂದ 1,609 ಮೀಟರ್ ಮೇಲಿದೆ. ಅಲ್ಲಿ ನೀರು 95 ಡಿಗ್ರಿ ಹತ್ತಿರವೇ ಕುದಿಯುತ್ತದೆ. ಕುದಿ ತಂಪಾದಷ್ಟೂ ಹಾಪ್ಸ್ ತನ್ನ ಕಹಿಯನ್ನು ನಿಧಾನವಾಗಿ ಬಿಡುತ್ತದೆ. ಹಾಗಾಗಿ ಅದೇ ಕಹಿ ಬೇಕಾದರೆ ಸ್ವಲ್ಪ ಜಾಸ್ತಿ ಹಾಪ್ಸ್ ಹಾಕಬೇಕು. ಬೆಂಗಳೂರು ಅದರ ಅರ್ಧಕ್ಕಿಂತ ಕೊಂಚ ಮೇಲಿದೆ, ನಮಗೂ ಈ ಪಾಠ ಗೊತ್ತು.

ರಸಲ್ ಶೆರರ್ ಹೆಸರು ನೋಡಿ ಮನಸ್ಸು ತುಂಬಿ ಬಂತು. 1996ರಲ್ಲೇ ತೀರಿಕೊಂಡರು. ಅವರ ಹೆಸರಲ್ಲಿ ಅಮೆರಿಕದ ಬಿಯರ್ ತಯಾರಕರ ಸಂಘ ಹೊಸತನಕ್ಕಾಗಿ ಒಂದು ಪ್ರಶಸ್ತಿ ಕೊಡುತ್ತದೆ. ನಮ್ಮ ಕಸುಬಿನಲ್ಲಿ ಅದಕ್ಕೆ ದೊಡ್ಡ ಗೌರವ.

ಹದಿನೆಂಟನೇ ಬೀದಿ

ಹುದುಗು ಅವರೇ, ಎಷ್ಟು ಉಪಕಾರ ಮಾಡಿದಿರಿ! ನೀವು ಬರೆದದ್ದನ್ನು ಅಪ್ಪನಿಗೆ ಫೋನಿನಲ್ಲಿ ಪೂರ್ತಿ ಓದಿ ಹೇಳಿದೆ. ಸೋಸಿದ ಮೇಲೆ ಉಳಿಯುವ ಚರಟ ಏನು ಮಾಡ್ತಾರೆ ಅಂತ ಕೇಳಿದರು.

ಹುದುಗು

ದನಕ್ಕೆ ಹೋಗುತ್ತದೆ. ಒಳ್ಳೇ ಬೂಸಾ ಅದು, ಆದರೆ ಒದ್ದೆ ಇರೋದರಿಂದ ಬೇಗ ಹುಳಿಯುತ್ತೆ. ನಮ್ಮಲ್ಲಿಗೆ ಹಾಲಿನವರು ಬೆಳಿಗ್ಗೆಯೇ ಗಾಡಿ ತರುತ್ತಾರೆ.

ಗೋಡೆ ಗಡಿಯಾರ

ಒಂದು ಅನುಮಾನ. ಕೊಲರಾಡೊದಲ್ಲಿ ಮೊದಲ ಬ್ರೂಪಬ್ 1988ರಲ್ಲಿ ಅಂದರೆ ಬಹಳ ತಡ ಆಯ್ತಲ್ಲ. ಅದಕ್ಕೆ ಮುಂಚೆ ಅಲ್ಲಿ ಯಾರೂ ಬಿಯರ್ ಮಾಡುತ್ತಿರಲಿಲ್ವಾ?

ಹುದುಗು

ಮಾಡುತ್ತಿದ್ದರು. ದೊಡ್ಡ ಕಾರ್ಖಾನೆಗಳಿದ್ದವು. ಆದರೆ ಕಾಯಿಸುವ ಜಾಗ ಬೇರೆ, ಮಾರುವ ಜಾಗ ಬೇರೆ. ಕೊಲರಾಡೊದಲ್ಲಿ ಪಾನನಿಷೇಧ 1916ರ ಜನವರಿ 1ಕ್ಕೇ ಬಂತು, ದೇಶಕ್ಕೆಲ್ಲ ಬರುವ ನಾಲ್ಕು ವರ್ಷ ಮುಂಚೆ. 1933ರಲ್ಲಿ ನಿಷೇಧ ಹೋದ ಮೇಲೆ ತಯಾರಕ, ಸಗಟು ವ್ಯಾಪಾರಿ, ಅಂಗಡಿ ಮೂರೂ ಬೇರೆ ಬೇರೆ ಇರಬೇಕು ಅನ್ನುವ ಕಾನೂನು ಹೆಚ್ಚಿನ ರಾಜ್ಯಗಳಲ್ಲಿ ಬಂತು. ಒಂದೇ ಸೂರಿನಡಿ ಕಾಯಿಸಿ ಬಡಿಸೋದು ಮತ್ತೆ ಶುರುವಾದದ್ದು 1982ರಲ್ಲಿ, ವಾಷಿಂಗ್ಟನ್ ರಾಜ್ಯದ ಯಾಕಿಮಾ ಊರಲ್ಲಿ. ಶುರು ಮಾಡಿದವರು ಬರ್ಟ್ ಗ್ರಾಂಟ್. ಅದೂ ಒಂದು ಹಳೇ ನಾಟಕಮಂದಿರದ ಕಟ್ಟಡದಲ್ಲೇ! ಬೆಂಗಳೂರಿಗೆ ಬ್ರೂಪಬ್ ಬಂದದ್ದು 2011ರಲ್ಲಿ. ಆ ಲೆಕ್ಕದಲ್ಲಿ ಡೆನ್ವರ್ ತಡ ಅಲ್ಲ.

ಕಲ್ಲುಹಾಸು

ಎಲ್ಲ ಓದಿದೆ. ಆದರೂ ಒಂದು ವಿಷಯ ಯಾರೂ ಎತ್ತಲಿಲ್ಲ. 1 ಡಾಲರ್ ಬಾಡಿಗೆಯ ಜಾಗ ಈಗ ಎಷ್ಟಕ್ಕೆ ಹೋಗುತ್ತೆ? ಆ ಗೋದಾಮುಗಳಲ್ಲಿ ಕಡಿಮೆ ಬಾಡಿಗೆಗೆ ಇದ್ದ ಜನ ಎಲ್ಲಿ ಹೋದರು? ಮೊದಲು ಒಂದು ಬಿಯರ್ ಮನೆ ಬರುತ್ತೆ, ಆಮೇಲೆ ಶ್ರೀಮಂತರು ಬರುತ್ತಾರೆ, ಆಮೇಲೆ ಮೊದಲಿದ್ದವರು ಕಾಣೆ. ಕಟ್ಟಡ ಉಳಿಯಿತು ಅಂತ ಸಂಭ್ರಮಿಸುವಾಗ ಇದನ್ನೂ ಹೇಳಬೇಕಲ್ವಾ?

ಹದಿನೆಂಟನೇ ಬೀದಿ

ಹೇಳಲೇಬೇಕು. ನೀವು ಎತ್ತಿದ್ದು ಒಳ್ಳೇದಾಯಿತು.

ಸ್ಕೈಲೈನ್ ಯೋಜನೆ ಕೆಡವಿದ್ದು ಬರೀ ಚೆಂದದ ಅಂಗಡಿಗಳನ್ನಲ್ಲ. ಲಾರಿಮರ್ ಬೀದಿಯ ಆಸುಪಾಸಿನ ಅಗ್ಗದ ಒಂಟಿಕೋಣೆ ಹೋಟೆಲುಗಳೂ ಹೋದವು. ಬಡವರು, ಒಂಟಿ ಮುದುಕರು, ಕೂಲಿಯವರು ಇರುತ್ತಿದ್ದ ಜಾಗ ಅವು. ಆಮೇಲೆ ಕೆಳಪೇಟೆಯ ಗೋದಾಮುಗಳಲ್ಲಿ ಕಲಾವಿದರು ಅಗ್ಗದಲ್ಲಿ ಬದುಕುತ್ತಿದ್ದರು. ಬೀದಿ ಮೇಲೆ ಬಂದಂತೆ ಅವರೂ ಜಾಗ ಖಾಲಿ ಮಾಡಬೇಕಾಯಿತು. ವಿನ್‌ಕೂಪ್ ಕಟ್ಟಡದ ಮೇಲಿನ ಮಹಡಿಗಳೇ ಮನೆಗಳಾದವು. 1995ರಲ್ಲಿ ಎರಡು ಹೆಜ್ಜೆ ದೂರದಲ್ಲಿ ಕೂರ್ಸ್ ಫೀಲ್ಡ್ ಬೇಸ್‌ಬಾಲ್ ಮೈದಾನ ಬಂತು. ಆಮೇಲೆ ಕೇಳಬೇಕೇ?

ಆದರೆ ಒಂದು ಮಾತು ಸೇರಿಸುತ್ತೇನೆ. ಇದೆಲ್ಲ ಒಬ್ಬ ಬಿಯರ್ ಮಾರುವವನಿಂದ ಆದದ್ದಲ್ಲ. ಹಿಂದೆ ಕಾನೂನಿತ್ತು. 1988ರ ಮಾರ್ಚ್‌ನಲ್ಲಿ, ವಿನ್‌ಕೂಪ್ ಬಾಗಿಲು ತೆರೆಯುವ ಏಳು ತಿಂಗಳು ಮುಂಚೆ, ಊರಿನ ಆಡಳಿತ ಕೆಳಪೇಟೆಯನ್ನು ಐತಿಹಾಸಿಕ ವಲಯ ಅಂತ ಘೋಷಿಸಿತು. ಆಗ ಮೇಯರ್ ಫೆಡೆರಿಕೊ ಪೆನ್ಯಾ. ಅಲ್ಲಿಂದ ಮುಂದೆ ಮನಸ್ಸಿಗೆ ಬಂದ ಹಾಗೆ ಕೆಡವಿ ಪಾರ್ಕಿಂಗ್ ಮಾಡುವಂತಿಲ್ಲ. ಕಟ್ಟಡದ ಮಾಲೀಕರು ಎಷ್ಟೋ ಜನ ಇದನ್ನು ವಿರೋಧಿಸಿದ್ದರು. ತಮ್ಮ ಆಸ್ತಿಗೆ ಬೆಲೆ ಇಲ್ಲದಂತಾಗುತ್ತೆ ಅನ್ನೋದು ಅವರ ಭಯ. ಆದದ್ದು ಪೂರ್ತಿ ಉಲ್ಟಾ. ಬೆಲೆ ಏರಿದ್ದೇ ಏರಿದ್ದು.

ಕಟ್ಟಡ ಉಳಿಸುವ ಕಾನೂನು ಬಂತು, ಅಲ್ಲಿನ ಜನರನ್ನು ಉಳಿಸುವ ಕಾನೂನು ಅದರ ಜೊತೆಗೆ ಬರಲಿಲ್ಲ. ನನ್ನ ದುಃಖ ಅದೇ. ಸ್ಟೇಷನ್ ಮುಂದೆ ಚಳಿಗಾಲದ ರಾತ್ರಿ ಕಂಬಳಿ ಸುತ್ತಿಕೊಂಡು ಕೂತವರನ್ನು ದಾಟಿಕೊಂಡೇ ನಾನು ಆ ಬಾಗಿಲಿಗೆ ಹೋಗೋದು. ಅದನ್ನು ಮರೆತು ಈ ಕಥೆ ಹೇಳಲಾರೆ.

ಕಲ್ಲುಹಾಸು

ಇಷ್ಟು ನೇರವಾಗಿ ಬರೆದಿದ್ದಕ್ಕೆ ಗೌರವ ಇದೆ. ಕೆಡವಿದ್ದರೂ ಆ ಜನ ಬೀದಿಗೆ ಬೀಳುತ್ತಿದ್ದರು ಅನ್ನೋದನ್ನೂ ಒಪ್ಪುತ್ತೇನೆ. ಲಾರಿಮರ್‌ನಲ್ಲಿ ಹಾಗೇ ಆಯಿತಲ್ಲ.

ಸಂಜೆಮಲ್ಲಿಗೆ

ವಿನ್‌ಕೂಪ್ ಅಂದರೆ ಏನು? ಊರಿನ ಹೆಸರಾ?

ಹದಿನೆಂಟನೇ ಬೀದಿ

ಕಟ್ಟಡ ಇರುವ ಬೀದಿಯ ಹೆಸರು. ಮೂಲದಲ್ಲಿ ಒಬ್ಬ ಮನುಷ್ಯನ ಹೆಸರು, ಎಡ್ವರ್ಡ್ ವಿನ್‌ಕೂಪ್. ಡೆನ್ವರ್ ಹುಟ್ಟಿದ ದಿನಗಳಲ್ಲೇ ಬಂದವರು, ಇಲ್ಲಿನ ಮೊದಲ ಶೆರಿಫ್. ಆಮೇಲೆ ಸೈನ್ಯಕ್ಕೆ ಸೇರಿದರು. 1864ರ ಸೆಪ್ಟೆಂಬರ್‌ನಲ್ಲಿ ಶಾಯೆನ್ ಮತ್ತು ಅರಾಪಾಹೊ ಜನರ ಮುಖಂಡರನ್ನು ಶಾಂತಿಯ ಮಾತಿಗೆ ಅಂತ ಡೆನ್ವರ್‌ಗೆ ಕರೆತಂದವರು ಅವರೇ. ಶಾಯೆನ್ ಮುಖಂಡ ಬ್ಲ್ಯಾಕ್ ಕೆಟಲ್ ಕೂಡ ಬಂದಿದ್ದರು. ಮುಖಂಡರು ನಂಬಿಕೊಂಡು ವಾಪಸ್ ಹೋದರು. ವಿನ್‌ಕೂಪ್ ಅವರನ್ನು ಅವರು ನೋಡಿಕೊಳ್ಳುತ್ತಿದ್ದ ಸೈನ್ಯದ ಕೋಟೆಯ ಹೊಣೆಯಿಂದ ತೆಗೆದರು. ನವೆಂಬರ್ 29ರ ಬೆಳಿಗ್ಗೆ ಕರ್ನಲ್ ಶಿವಿಂಗ್ಟನ್‌ನ ಪಡೆ ಸ್ಯಾಂಡ್ ಕ್ರೀಕ್ ಹತ್ತಿರ ಆ ಮುಖಂಡರ ಜನ ಇಳಿದುಕೊಂಡಿದ್ದ ಬಿಡಾರದ ಮೇಲೆ ಬಿತ್ತು. ಸುಮಾರು 230 ಜನರನ್ನು ಕೊಂದರು. ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು.

ಡೆನ್ವರ್ ಜನ ಆ ಪಡೆಯನ್ನು ವೀರರು ಅಂತ ಸ್ವಾಗತಿಸಿದಾಗ, ಇದು ಯುದ್ಧವಲ್ಲ, ಕೊಲೆ ಅಂತ ವಿನ್‌ಕೂಪ್ ತನಿಖೆಯ ವರದಿ ಕೊಟ್ಟರು. ತಮ್ಮವರ ದ್ವೇಷ ಕಟ್ಟಿಕೊಂಡರು. ಬಿಯರ್ ಲೋಟದ ಮೇಲೆ ಆ ಹೆಸರು ಓದುವವರಲ್ಲಿ ಎಷ್ಟು ಜನಕ್ಕೆ ಇದು ಗೊತ್ತೋ. ನನಗೆ ಗೊತ್ತಾದ ದಿನ ಲೋಟ ಕೆಳಗಿಟ್ಟು ಸುಮ್ನೆ ಕೂತಿದ್ದೆ.

ಗೋಡೆ ಗಡಿಯಾರ

ಈ ಹಿಕನ್‌ಲೂಪರ್ ಅಂದರೆ ಆಮೇಲೆ ಗವರ್ನರ್ ಆದವರೇ ಅಲ್ವಾ?

ಹದಿನೆಂಟನೇ ಬೀದಿ

ಅವರೇ. 2003ರಲ್ಲಿ ಮೇಯರ್, 2011ರಲ್ಲಿ ಗವರ್ನರ್, 2021ರಿಂದ ಸೆನೆಟರ್. ಬಿಯರ್ ಮನೆಯ ಪಾಲನ್ನು 2007ರಲ್ಲೇ ಮಾರಿದರು. 2014ರ ಜುಲೈನಲ್ಲಿ ಅಧ್ಯಕ್ಷ ಒಬಾಮಾ ಬಂದಾಗ ಇಬ್ಬರೂ ಅಲ್ಲೇ ಪೂಲ್ ಆಡಿದ್ದರು. ನನಗೆ ಹೆಚ್ಚು ಹಿಡಿಸುವುದು ಇನ್ನೊಂದು. ಕೊಲರಾಡೊ ಸ್ಪ್ರಿಂಗ್ಸ್‌ನಲ್ಲಿ 1901ರ ಶಾಯೆನ್ ಬಿಲ್ಡಿಂಗ್ ಅಂತ ಇದೆ. ಅದನ್ನು ಕೆಡವಿ ಪಾರ್ಕಿಂಗ್ ಮಾಡುವ ಮಾತು ನಡೆದಿತ್ತು. 1993ರಲ್ಲಿ ಅಲ್ಲೂ ಹಿಕನ್‌ಲೂಪರ್ ಮತ್ತು ಜೊತೆಗಾರರು ಸೇರಿ ಫ್ಯಾಂಟಮ್ ಕ್ಯಾನಿಯನ್ ಅನ್ನುವ ಬ್ರೂಪಬ್ ತೆರೆದರು. ಕಟ್ಟಡ ಇವತ್ತಿಗೂ ಇದೆ.

ಅಂದ ಹಾಗೆ ವಿನ್‌ಕೂಪ್‌ನಲ್ಲಿ ಮೆಣಸಿನಕಾಯಿ ಬಿಯರ್ ಮಾಡುತ್ತಾರೆ. ಅನಾಹೈಮ್ ಅನ್ನುವ ಹಸಿರು ಮೆಣಸಿನಕಾಯಿ ಹಾಕಿ. ಕುಡಿದಾಗ ಖಾರಕ್ಕಿಂತ ಮೊದಲು ಸುಟ್ಟ ಮೆಣಸಿನಕಾಯಿಯ ವಾಸನೆ ಬರುತ್ತದೆ. ನನಗೆ ಅಜ್ಜಿ ಕೆಂಡದ ಮೇಲೆ ಸುಡುತ್ತಿದ್ದದ್ದು ನೆನಪಾಗುತ್ತೆ.

ಹುಬ್ಬಳ್ಳಿ ಗಾಳಿ

ಇಷ್ಟು ದಿನ ಓದಿಕೊಂಡು ಸುಮ್ನೆ ಇದ್ದೆ. ಈಗ ನನ್ನದೊಂದು ಹೇಳಬೇಕು. ನಮ್ಮ ಅಜ್ಜನ ಕಾಲದ ಹತ್ತಿ ಗೋದಾಮು ಒಂದಿದೆ. ಸಾಗವಾನಿ ಕಂಬ, ಮಂಗಳೂರು ಹಂಚು. ಹತ್ತು ವರ್ಷದಿಂದ ಬೀಗ. ಒಮ್ಮೆ ರಿಪೇರಿಗೆ ಅನುಮತಿ ಕೇಳಲು ಒಂದು ಕಚೇರಿಗೆ ಹೋದೆ. ಕೆಡವೋದಾದರೆ ಬೇಗ ಆಗುತ್ತೆ, ರಿಪೇರಿಗೆ ಆಗಲ್ಲ ಅಂದರು. ಅವತ್ತು ಅತ್ತುಬಿಟ್ಟೆ. ಅಣ್ಣತಮ್ಮಂದಿರು ಮಾರೋಣ ಅಂತಾರೆ. ನನಗೆ ಬಿಯರ್ ಮನೆ ಬೇಡ. ಒಂದು ಖಾನಾವಳಿ, ಹಿಂದೆ ಕೈಮಗ್ಗದ ಸೀರೆ ಅಂಗಡಿ ಇಷ್ಟು ಮನಸ್ಸಲ್ಲಿದೆ. ಆದರೆ ಕಂಬ ಗಟ್ಟಿ ಇದೆಯೋ ಇಲ್ಲವೋ ಅನ್ನೋದೇ ಗೊತ್ತಿಲ್ಲ.

ಹದಿನೆಂಟನೇ ಬೀದಿ

ದಯವಿಟ್ಟು ಮಾರಬೇಡಿ. ಕನಿಷ್ಠ ಕಂಬ ನೋಡುವ ತನಕ ಮಾರಬೇಡಿ. ಅಪ್ಪನನ್ನು ಕೇಳಿದೆ. ಅವರು ಹೇಳಿದ್ದನ್ನು ಹಾಗೇ ಬರೀತಿದ್ದೇನೆ.

"ಕಂಬ ಕೊಳೆಯೋದು ಬುಡದಲ್ಲಿ, ಮೇಲಲ್ಲ. ನೆಲ ಮುಟ್ಟುವ ಜಾಗದಿಂದ ಒಂದು ಮೊಳದವರೆಗೆ ನಾಣ್ಯದಿಂದ ಸುತ್ತಲೂ ತಟ್ಟುತ್ತಾ ಬರಬೇಕು. ಟಣ್ ಅಂದರೆ ಸರಿ. ಡಬ್ ಅಂದರೆ ಒಳಗೆ ಗೆದ್ದಲು ತಿಂದಿದೆ. ಮಳೆ ಬಂದ ಮಾರನೇ ದಿನ ಗೋಡೆ ಮೂಲೆ ಮುಟ್ಟಿ ನೋಡಬೇಕು. ಹಂಚು ಒಡೆದ ಕಡೆ ಮೊದಲು ಮುಚ್ಚಿಸಬೇಕು, ಮಿಕ್ಕಿದ್ದು ಆಮೇಲೆ."

ಹುದುಗು

ಇದಕ್ಕೆ ಸೇರಿಸಿ. ಅಡುಗೆಮನೆ ಎಲ್ಲಿ ಬರಬೇಕು ಅಂತ ಈಗಲೇ ಯೋಚಿಸಿ. ಖಾನಾವಳಿಯಲ್ಲೂ ನೀರು, ಹಬೆ ಕಮ್ಮಿ ಇರಲ್ಲ. ಸಾಧ್ಯವಾದರೆ ಅದನ್ನು ಕಂಬದ ಸಾಲಿನಿಂದ ಹೊರಗೆ, ಹಿತ್ತಲ ಕಡೆಗೆ ಹಾಕಿ. ಹಳೇ ಕಟ್ಟಡದ ಅನುಭವ ಇರುವ ಒಬ್ಬ ಎಂಜಿನಿಯರ್‌ಗೂ ತೋರಿಸಿ.

ಹುಬ್ಬಳ್ಳಿ ಗಾಳಿ

ಇವತ್ತು ಬೆಳಿಗ್ಗೆ ಬೀಗ ತೆಗೆಸಿದೆ. ಹದಿನಾಲ್ಕು ಕಂಬ. ಐದು ರೂಪಾಯಿ ನಾಣ್ಯ ಹಿಡಿದು ಒಂದೊಂದನ್ನೂ ತಟ್ಟಿದೆ. ಹನ್ನೊಂದು ಟಣ್ ಅಂದವು. ಪಶ್ಚಿಮದ ಗೋಡೆ ಪಕ್ಕದ ಮೂರು ಡಬ್ ಅಂದವು. ಅಲ್ಲೇ ಮೇಲೆ ಹಂಚು ಒಡೆದಿದೆ. ಫೋಟೋ ಹಾಕಿದ್ದೇನೆ. ನಿಮ್ಮ ಅಪ್ಪನಿಗೆ ತೋರಿಸಿ, ಆ ಮೂರಕ್ಕೆ ಬುಡ ಮಾತ್ರ ಕತ್ತರಿಸಿ ಕಲ್ಲು ಕೊಟ್ಟರೆ ಸಾಕಾಗುತ್ತಾ ಕೇಳಿ.